ಕೂರೋ ಹಕ್ಕು: ಕಲ್ಲಿಕೋಟೆಯ ಅಂಗಡಿ ಹೆಂಗಸರು ಸಂಘ ಕಟ್ಟಿದ್ದು ಹೇಗೆ

(ಮೈಸೂರಿನಲ್ಲಿ ಬಟ್ಟೆ ಅಂಗಡಿ, ಶೋರೂಮು, ಸೂಪರ್ ಮಾರ್ಕೆಟ್ಟುಗಳಲ್ಲಿ ಕೆಲಸ ಮಾಡೋರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತು. ರೆಕಾರ್ಡಿಂಗ್ ಕೇಳ್ಕೊಂಡು ಬರೆದಿದ್ದೀನಿ, ಮಾತಾಡೋವಾಗ ಬಿಟ್ಟುಹೋಗಿದ್ದ ಒಂದೆರಡು ವಿಷಯ ಸೇರಿಸಿದ್ದೀನಿ, ಕೊನೆಗೆ ಬಂದ ಪ್ರಶ್ನೆಗಳೂ ಇವೆ.)

ಎಲ್ರಿಗೂ ನಮಸ್ಕಾರ. ನಿಮ್ಮಲ್ಲಿ ತುಂಬಾ ಜನ ವಾರಕ್ಕೊಂದೇ ದಿನ ಸಿಗೋ ರಜೆ ಬಿಟ್ಟು ಬಂದಿದ್ದೀರ, ಮನೇಲಿ ಬಟ್ಟೆ ಒಗೆಯೋದು ಮಕ್ಕಳ ಕೆಲ್ಸ ಎಲ್ಲಾ ಹಾಗೇ ಇದೆ ಅಂತ ಗೊತ್ತು, ಅದಕ್ಕೆ ಸುತ್ತಿ ಬಳಸಿ ಮಾತಾಡಲ್ಲ. ಇವತ್ತು ನಾನು ಹೇಳೋದು ಇಲ್ಲಿಂದ ಬೆಳಿಗ್ಗೆ ಬಸ್ ಹತ್ತಿದ್ರೆ ಗುಂಡ್ಲುಪೇಟೆ, ಬತ್ತೇರಿ ಮೇಲೆ ಹೋಗಿ ಮಧ್ಯಾಹ್ನಕ್ಕೆ ಸಿಗೋ ಊರಿನ ಕಥೆ, ಕಲ್ಲಿಕೋಟೆದು. ಅಲ್ಲಿ ನಮ್ ತರಾನೇ ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಚಿಡೋ ಹೆಂಗಸರು, ಯಾವ ಪಾರ್ಟಿನೂ ಬೆನ್ನಿಗೆ ಇಲ್ದೆ, ಒಂದು ಸಂಘ ಕಟ್ಟಿ, ರಾಜ್ಯದ ಕಾನೂನನ್ನೇ ಬದಲಾಯಿಸಿದ್ರು. ಅವರು ಶುರು ಮಾಡಿದ್ದು ಸಂಬಳದಿಂದ ಅಲ್ಲ. ಅದನ್ನ ನೆನಪಲ್ಲಿ ಇಟ್ಕೊಂಡು ಕೇಳಿ, ಯಾಕಂದ್ರೆ ನನ್ನ ಪ್ರಕಾರ ಅವರ ಗೆಲುವಿನ ಗುಟ್ಟು ಇರೋದು ಅಲ್ಲೇ.

ಕಲ್ಲಿಕೋಟೆಲಿ ಮಿಠಾಯಿ ತೆರುವು ಅಂತ ಒಂದು ರಸ್ತೆ ಇದೆ, ಎಸ್.ಎಂ. ಸ್ಟ್ರೀಟ್ ಅಂತಾನೂ ಕರೀತಾರೆ. ನಮ್ಮ ದೇವರಾಜ ಅರಸು ರಸ್ತೆ, ಸಂತೆಪೇಟೆ ಎರಡೂ ಸೇರಿಸಿದಂಗೆ ಅಂತ ಅಂದ್ಕೊಳ್ಳಿ, ಬಟ್ಟೆ ಅಂಗಡಿ ಚಪ್ಪಲಿ ಅಂಗಡಿ ಹಲ್ವಾ ಅಂಗಡಿ ಒಂದಕ್ಕೊಂದು ಅಂಟ್ಕೊಂಡು. ಆ ಅಂಗಡಿಗಳಲ್ಲಿ ಕೆಲಸಕ್ಕಿದ್ದೋರಲ್ಲಿ ತುಂಬಾ ಜನ ಹೆಂಗಸರು. ಬೆಳಿಗ್ಗೆ ಒಂಬತ್ತೂವರೆ ಹತ್ತಕ್ಕೆ ಒಳಗೆ ಹೋದ್ರೆ ರಾತ್ರಿ ಎಂಟರ ತನಕ. ಅಷ್ಟು ಹೊತ್ತಿಗೆ ಹೆಚ್ಚಿನ ಅಂಗಡಿಗಳಲ್ಲಿ ಅವರಿಗೆ ಅಂತ ಒಂದು ಟಾಯ್ಲೆಟ್ ಇರ್ಲಿಲ್ಲ. ಹತ್ತಿರದ ಹೋಟೆಲ್‌ಗೆ ಹೋಗಿ ಏನಾದ್ರೂ ಕುಡಿದಂಗೆ ಮಾಡಿ ಅಲ್ಲಿಯ ಟಾಯ್ಲೆಟ್ ಬಳಸ್ಬೇಕು, ಅದಕ್ಕೂ ಮ್ಯಾನೇಜರ್ ಹತ್ರ ಪರ್ಮಿಷನ್ ಕೇಳ್ಬೇಕು, ಹೋಗಿ ಬರೋಕೆ ಎಷ್ಟು ನಿಮಿಷ ಆಯ್ತು ಅಂತ ನೋಡ್ತಾರೆ. ಹಾಗಾಗಿ ಹೆಂಗಸರು ಕಂಡ್ಕೊಂಡ ದಾರಿ ಏನು ಅಂದ್ರೆ ನೀರೇ ಕುಡಿಯದೇ ಇರೋದು. ಬೆಳಿಗ್ಗೆ ಮನೇಲಿ ಒಂದು ಲೋಟ ಕಾಫಿ, ಆಮೇಲೆ ಸಂಜೆ ಮನೆಗೆ ಹೋದ್ಮೇಲೇ ನೀರು. ಮುಟ್ಟಾದ ದಿನಗಳಲ್ಲಿ ಪಾಡು ಏನು ಅಂತ ನಾನು ಇಲ್ಲಿ ಕೂತಿರೋ ಅಕ್ಕಂದ್ರಿಗೆ ಹೇಳ್ಬೇಕಾಗಿಲ್ಲ. ಮೂತ್ರದ ಸೋಂಕು ಅನ್ನೋದು ಆ ರಸ್ತೆಯ ಹೆಂಗಸರಿಗೆ ನೆಗಡಿ ಕೆಮ್ಮಿನಷ್ಟೇ ಮಾಮೂಲಿ ಆಗಿಹೋಗಿತ್ತು.

ಅದೇ ರಸ್ತೆಯಲ್ಲಿ ವಿಜಿ ಅಂತ ಒಬ್ಬ ಟೈಲರ್ ಇದ್ರು. ದೊಡ್ಡ ಓದು ಇಲ್ಲ, ಹೊಲಿಗೆ ಮೆಷಿನ್ ಮುಂದೆ ಕೂತು ದುಡಿಯೋರು. ಅಕ್ಕಪಕ್ಕದ ಅಂಗಡಿ ಹೆಂಗಸರ ಜೊತೆ ಮಾತಾಡ್ತಾ ಮಾತಾಡ್ತಾ ಅವರಿಗೆ ಗೊತ್ತಾಗಿದ್ದು ಏನಂದ್ರೆ, ಪ್ರತಿಯೊಬ್ಬಳೂ ಇದು ತನ್ನೊಬ್ಬಳ ತೊಂದ್ರೆ, ತನ್ನ ಮೈಯದೇ ಏನೋ ದೋಷ, ಯಾರ ಹತ್ರ ಹೇಳೋದು ನಾಚಿಕೆಗೇಡು ಅಂತ ಸುಮ್ನಿದ್ದಾಳೆ. ಮಾತು ಹೊರಗೆ ಬಂದ ಮೇಲೆ ನೋಡಿದ್ರೆ ಇಡೀ ರಸ್ತೆಗೆ ಅದೇ ತೊಂದ್ರೆ. 2009-10ರ ಸುಮಾರಿಗೆ ಇವರೆಲ್ಲ ಸೇರಿ ಪೆಣ್‌ಕೂಟ್ಟು ಅಂತ ಒಂದು ಗುಂಪು ಮಾಡ್ಕೊಂಡ್ರು, ಹೆಂಗಸರ ಕೂಟ. ರಿಜಿಸ್ಟ್ರೇಷನ್ ಇಲ್ಲ, ಆಫೀಸ್ ಇಲ್ಲ, ಬೋರ್ಡ್ ಇಲ್ಲ. ಬರೀ ಒಬ್ಬರ ಕಷ್ಟ ಒಬ್ಬರು ಕೇಳೋದು, ಯಾರಿಗಾದ್ರೂ ಅಂಗಡೀಲಿ ಬೈದ್ರೆ ಸಂಬಳ ಹಿಡಿದ್ರೆ ನಾಲ್ಕು ಜನ ಒಟ್ಟಿಗೆ ಹೋಗಿ ಮಾತಾಡೋದು. ಮೊದಲು ಅವರು ಹಿಡಿದ ವಿಷಯ ಟಾಯ್ಲೆಟ್. ಆ ಹೋರಾಟಕ್ಕೆ ಅಲ್ಲಿ ಮೂತ್ರಪ್ಪುರ ಸಮರ, ಅಂದ್ರೆ ಮೂತ್ರಾಲಯದ ಹೋರಾಟ ಅಂತಾನೇ ಹೆಸರು ಬಂತು. ಅಂಗಡಿಯೋರು ಎಷ್ಟು ಕೇವಲವಾಗಿ ಮಾತಾಡಿದ್ರು ಅನ್ನೋದನ್ನ ವಿಜಿ ಆಮೇಲೆ ಬೇಕಾದಷ್ಟು ಸಂದರ್ಶನಗಳಲ್ಲಿ ಹೇಳಿದ್ದಾರೆ, ನಾನು ಅದನ್ನ ಇಲ್ಲಿ ಮತ್ತೆ ಹೇಳೋಕೆ ಇಷ್ಟಪಡಲ್ಲ. ಆದ್ರೆ ಆ ಅವಮಾನಾನೇ ಅವರನ್ನ ಒಟ್ಟಿಗೆ ಹಿಡಿದಿಟ್ಟಿತು ಅನ್ನೋದು ಮಾತ್ರ ನಿಜ.

ಈಗ ಒಂದು ವಿಷಯ ಯೋಚನೆ ಮಾಡಿ. ಕೇರಳ ಅಂದ್ರೆ ಯೂನಿಯನ್ನಿನ ರಾಜ್ಯ ಅಂತ ನಮಗೆಲ್ಲ ಗೊತ್ತು. ಅಂಗಡಿ ಮುಂದೆ ಲಾರಿ ಬಂದು ನಿಂತ್ರೆ ಲೋಡ್ ಇಳಿಸೋ ಅಣ್ಣಂದ್ರಿಗೆ ಯೂನಿಯನ್ ಇದೆ, ಬಣ್ಣ ಬಣ್ಣದ ಅಂಗಿ ಹಾಕ್ಕೊಂಡು ಇರ್ತಾರೆ, ಒಂದು ಮೂಟೆಗೆ ಎಷ್ಟು ಅಂತ ರೇಟ್ ಫಿಕ್ಸ್ ಆಗಿರುತ್ತೆ. ಬಸ್ ಡ್ರೈವರ್‌ಗಿದೆ, ಆಟೋದವ್ರಿಗಿದೆ, ಬ್ಯಾಂಕಿನೋರಿಗಿದೆ. ಅದೇ ಮೂಟೆ ಅಂಗಡಿ ಒಳಗೆ ಹೋದ್ಮೇಲೆ ಅದನ್ನ ಬಿಚ್ಚಿ, ಜೋಡಿಸಿ, ದಿನಕ್ಕೆ ನೂರಾರು ಸಲ ತೆಗೆದು ತೋರಿಸಿ ಮಾರೋ ಹೆಂಗಸಿಗೆ ಮಾತ್ರ ಯಾವ ಯೂನಿಯನ್ನೂ ಇಲ್ಲ. ಅಂಗಡಿಯ ಬಾಗಿಲು ದಾಟಿ ಒಳಗೆ ಬರೋಕೆ ದೊಡ್ಡ ದೊಡ್ಡ ಸಂಘಗಳಿಗೆ ಅಷ್ಟು ವರ್ಷ ಆಗ್ಲೇ ಇಲ್ಲ. ಮನಸ್ಸೂ ಇರ್ಲಿಲ್ಲ ಅಂತ ನಾನು ಹೇಳ್ತೀನಿ, ಯಾರಿಗಾದ್ರೂ ಬೇಜಾರಾದ್ರೆ ಆಗ್ಲಿ. ಸಂಘದ ಆಫೀಸಲ್ಲಿ ಕೂತಿರೋರೆಲ್ಲ ಗಂಡಸ್ರು, ಟಾಯ್ಲೆಟ್ ಇಲ್ಲ ಕೂರೋಕೆ ಬಿಡಲ್ಲ ಅನ್ನೋದು ಅವರ ಕಿವಿಗೆ ಒಂದು ಬೇಡಿಕೆ ಅಂತಾನೇ ಕೇಳಿಸ್ತಿರ್ಲಿಲ್ಲ.

ಅಂಗಡಿ ಕೆಲಸದೋರನ್ನ ಸೇರಿಸೋದು ಕಷ್ಟ ಅನ್ನೋದೂ ಸುಳ್ಳಲ್ಲ. ಮಿಲ್ಲು ಫ್ಯಾಕ್ಟರಿ ಆದ್ರೆ ಒಂದು ಗೇಟ್, ಒಂದು ಸೈರನ್, ಸಾವಿರ ಜನ ಒಟ್ಟಿಗೆ ಹೊರಗೆ ಬರ್ತಾರೆ. ನಮ್ದು ಒಂದಂಗಡೀಲಿ ಆರು ಜನ, ಇನ್ನೊಂದರಲ್ಲಿ ಹದಿನಾಲ್ಕು ಜನ, ಮಾಲ್ ಆದ್ರೆ ಒಂದೊಂದು ಬ್ರ್ಯಾಂಡಿನ ಕೌಂಟರಿಗೆ ಒಬ್ಬ ಹುಡುಗಿ, ಆಕೆಯ ಸಂಬಳ ಕೊಡೋದು ಯಾವುದೋ ಏಜೆನ್ಸಿ, ಆಕೆಗೇ ತಾನು ಯಾರ ಕೈಕೆಳಗೆ ಇದ್ದೀನಿ ಅಂತ ಸರಿಯಾಗಿ ಗೊತ್ತಿರಲ್ಲ. ಎರಡನೇದು, ಓನರ್ ದಿನಾ ಎದುರಿಗೇ ಗಲ್ಲಾದಲ್ಲಿ ಕೂತಿರ್ತಾರೆ. ಮಗಳ ಮದುವೆಗೆ ಅಡ್ವಾನ್ಸ್ ಕೊಟ್ಟಿರ್ತಾರೆ, ಹಬ್ಬಕ್ಕೆ ಸೀರೆ ಕೊಡ್ತಾರೆ, ನೀನು ನಮ್ಮನೆ ಮಗಳಿದ್ದಂಗೆ ಅಂತಾರೆ. ಹಾಗಿರೋವಾಗ ಓಟಿ (ಓವರ್‌ಟೈಮ್) ದುಡ್ಡು ಕೇಳೋದು ಅಂದ್ರೆ ಉಪಕಾರ ಮರೆತಂಗೆ ಅಂತ ನಮಗೇ ಅನ್ನಿಸಿಬಿಡುತ್ತೆ. ಆ ಅನ್ನಿಸಿಕೆ ಇದೆಯಲ್ಲ, ಅದು ಯಾವ ಕಾನೂನಿಗಿಂತಲೂ ಗಟ್ಟಿಯಾಗಿ ನಮ್ಮನ್ನ ಕಟ್ಟಿ ಹಾಕುತ್ತೆ. ಮೂರನೇದು, ಹೆಣ್ಮಕ್ಕಳು ಮದುವೆ ಆದ ತಕ್ಷಣ ಬಿಟ್ಟು ಹೋಗ್ತಾರೆ, ಹುಡುಗ್ರು ಐನೂರು ರೂಪಾಯಿ ಜಾಸ್ತಿ ಸಿಕ್ರೆ ಪಕ್ಕದಂಗಡಿಗೆ ಹೋಗ್ತಾರೆ, ನಿಂತು ಜಗಳ ಆಡೋಕಿಂತ ಕೆಲಸ ಬಿಡೋದೇ ಸುಲಭ ಅನ್ನಿಸುತ್ತೆ.

ಪೆಣ್‌ಕೂಟ್ಟು ಇದನ್ನೆಲ್ಲ ಅಂಗಡಿ ಲೆಕ್ಕದಲ್ಲಿ ನೋಡ್ಲಿಲ್ಲ, ರಸ್ತೆ ಲೆಕ್ಕದಲ್ಲಿ ನೋಡ್ತು. ಒಂದಂಗಡೀಲಿ ಆರೇ ಜನ ಇರಬಹುದು, ಆದ್ರೆ ರಸ್ತೇಲಿ ನೂರಾರು ಜನ ಇದ್ದಾರಲ್ಲ. ಈ ಅಂಗಡಿಯೋಳಿಗೆ ತೊಂದ್ರೆ ಆದ್ರೆ ಆ ಅಂಗಡಿಯೋಳು ಬಂದು ಕೇಳ್ತಾಳೆ, ಆಕೆಯನ್ನ ಕೆಲಸದಿಂದ ತೆಗೆಯೋಕೆ ಈ ಓನರ್‌ಗೆ ಆಗಲ್ಲ. ನಮ್ಮ ಮೈಸೂರಿಗೆ, ಚಿಕ್ಕಪೇಟೆಗೆ, ದಾವಣಗೆರೆಗೆ ತಗೊಂಡು ಹೋಗಬಹುದಾದ ಒಂದೇ ಒಂದು ಉಪಾಯ ಇದ್ರೆ ಅದು ಇದೇ ಅಂತ ನನಗನ್ಸುತ್ತೆ.

ಇನ್ನು ಕೂರೋ ವಿಷಯ. ಮಲಯಾಳದಲ್ಲಿ ಇರಿಕ್ಕಲ್ ಸಮರ ಅಂದ್ರು, ಕೂರೋ ಹೋರಾಟ ಅಂತ. ದೊಡ್ಡ ಬಟ್ಟೆ ಅಂಗಡಿಗಳಲ್ಲಿ ಹೆಂಗಸರು ದಿನಕ್ಕೆ ಹತ್ತು ಹನ್ನೆರಡು ಗಂಟೆ ನಿಂತೇ ಇರ್ಬೇಕಿತ್ತು, ಗಿರಾಕಿ ಇದ್ರೂ ಇಲ್ದಿದ್ರೂ. ಗೋಡೆಗೆ ಒರಗೋ ಹಾಗಿಲ್ಲ. ಮಧ್ಯಾಹ್ನ ಅಂಗಡಿ ಖಾಲಿ ಹೊಡೀತಿದ್ರೂ ಒಂದು ನಿಮಿಷ ಕೂತಿದ್ದು ಕ್ಯಾಮೆರಾದಲ್ಲಿ ಕಂಡ್ರೆ ಸಂಬಳದಲ್ಲಿ ಕಟ್. ಯಾಕೆ ಕೂರಬಾರ್ದು ಅಂತ ಕೇಳಿದ್ರೆ ಗಿರಾಕಿಗೆ ಮರ್ಯಾದೆ ಕೊಟ್ಟಂಗೆ ಆಗಲ್ಲ ಅಂತಾರೆ. ನಾನೂ ಇದೇ ಊರಲ್ಲಿ ಒಂದು ಸೀರೆ ಅಂಗಡೀಲಿ ತುಂಬಾ ವರ್ಷ ಇದ್ದೆ, ಹೆಸರು ಬೇಡ. ಆಷಾಢದ ಸೇಲ್ ಬಂತು ಅಂದ್ರೆ ಸಂಜೆ ಹೊತ್ತಿಗೆ ಪಾದ ಊದಿ ಚಪ್ಪಲಿ ಹಿಡಿಸ್ತಿರ್ಲಿಲ್ಲ. ಗಿರಾಕಿ ಕೂತ್ಕೊಳ್ಳೋಕೆ ಮೆತ್ತನೆ ಹಾಸಿಗೆ ಹಾಕಿರ್ತಾರೆ, ಗಿರಾಕಿಯ ಗಂಡನಿಗೆ ಕುರ್ಚಿ, ಮಗೂಗೆ ಜ್ಯೂಸು, ನಮಗೆ ಮಾತ್ರ ಬಗ್ಗೋದು ಏಳೋದು ಬಗ್ಗೋದು ಏಳೋದು. ಕಾಲಿನ ರಕ್ತನಾಳ ಉಬ್ಬಿ ಹಸಿರಾಗಿ ಗಂಟು ಕಟ್ಕೊಂಡಿದ್ದನ್ನ ಡಾಕ್ಟರ್ ವೆರಿಕೋಸ್ ವೇನ್ಸ್ ಅಂದ್ರು, ಎಷ್ಟು ಹೊತ್ತು ನಿಂತಿರ್ತೀರಮ್ಮ ಅಂತ ಕೇಳಿದ್ರು. ಇಲ್ಲಿ ಕೈ ಎತ್ತಿಸಿದ್ರೆ ಎಷ್ಟು ಜನ ಎತ್ತುತ್ತೀರ ಅಂತ ನನಗೆ ಗೊತ್ತು. (ಇಲ್ಲಿ ನಿಜವಾಗ್ಲೂ ಕೈಗಳು ಮೇಲೆ ಹೋದ್ವು, ಗಂಡಸ್ರದ್ದೂ.)

2014ರ ಕೊನೆಯಲ್ಲಿ ತ್ರಿಶೂರಿನ ಒಂದು ದೊಡ್ಡ ಸೀರೆ ಅಂಗಡಿಯ ಕೆಲವು ಹೆಂಗಸರು ಸಂಘಕ್ಕೆ ಸೇರಿದ್ರು, ಹಕ್ಕು ಕೇಳಿದ್ರು, ಅವರನ್ನ ದೂರದ ಬ್ರ್ಯಾಂಚುಗಳಿಗೆ ಟ್ರಾನ್ಸ್‌ಫರ್ ಮಾಡಿದ್ರು. ಹತ್ತು ಸಾವಿರ ಕೂಡ ಸಿಗದ ಕೆಲಸಕ್ಕೆ, ಮನೆ ಮಕ್ಕಳು ಬಿಟ್ಟು ಬೇರೆ ಜಿಲ್ಲೆಗೆ ಯಾರು ಹೋಗ್ತಾರೆ, ತಾವಾಗೇ ಬಿಟ್ಟು ಹೋಗ್ಲಿ ಅಂತಾನೇ ಅಲ್ವಾ ಟ್ರಾನ್ಸ್‌ಫರ್ ಮಾಡೋದು. ಅವರು ಬಿಟ್ಟು ಹೋಗ್ಲಿಲ್ಲ. ಅಂಗಡಿ ಮುಂದೆ ಕೂತ್ರು. ಕೂರೋಕೆ ಬಿಡಲ್ಲ ಅಂದ ಅಂಗಡಿಯ ಎದುರಿಗೇ ಕೂತ್ರು. ಆರು ಜನ ಹೆಂಗಸರು, ನೂರು ದಿನಕ್ಕೂ ಮೇಲೆ. ಮೊದಮೊದ್ಲು ದೊಡ್ಡ ಪೇಪರ್‌ಗಳು ಟಿವಿಗಳು ಸರಿಯಾಗಿ ಸುದ್ದಿನೂ ಹಾಕ್ಲಿಲ್ಲ, ಬಟ್ಟೆ ಅಂಗಡಿಗಳೇ ಅವರ ದೊಡ್ಡ ಜಾಹೀರಾತುದಾರರು ಅನ್ನೋದು ಎಲ್ರಿಗೂ ಗೊತ್ತಿರೋ ವಿಷಯ. ಸುದ್ದಿ ಹರಡಿದ್ದು ಫೇಸ್‌ಬುಕ್ಕಲ್ಲಿ, ಬೀದೀಲಿ ಹೋಗೋರ ಬಾಯಲ್ಲಿ, ವಿದ್ಯಾರ್ಥಿಗಳು ಹೆಂಗಸರ ಗುಂಪುಗಳು ಬಂದು ಜೊತೆಗೆ ಕೂತ್ಕೊಂಡಿದ್ರಿಂದ.

ಇದೇ ಹೊತ್ತಿಗೆ ಅವರಿಗೆ ಇನ್ನೊಂದು ವಿಷಯ ಅರ್ಥ ಆಗಿತ್ತು. ಬರೀ ಕೂಟ ಆಗಿದ್ರೆ ಲೇಬರ್ ಆಫೀಸಲ್ಲಿ ಮಾತುಕತೆಗೆ ಕರೆಯಲ್ಲ, ಪಕ್ಕಾ ಯೂನಿಯನ್ ಬೇಕು ಅಂತ. ಹಾಗೆ ಹುಟ್ಟಿದ್ದು ಅಸಂಘಟಿತ ಮೇಖಲಾ ತೊಳಿಲಾಳಿ ಯೂನಿಯನ್, ಅಂದ್ರೆ ಅಸಂಘಟಿತ ವಲಯದ ಕೆಲಸದೋರ ಯೂನಿಯನ್, ಚಿಕ್ಕದಾಗಿ ಎ.ಎಂ.ಟಿ.ಯು. ಹೆಂಗಸರೇ ಮುಂದೆ ನಿಂತು ನಡೆಸೋ ಯೂನಿಯನ್, ಅಂಗಡಿಯೋರು, ಟೈಲರ್‌ಗಳು, ಯಾವ ಸಂಘಕ್ಕೂ ಸೇರದೇ ಉಳಿದ ಕೆಲಸದೋರಿಗೆ ಅಂತ. ಯೂನಿಯನ್ ಆದ್ಮೇಲೆ ಅವರು ಹೋಗದ ಆಫೀಸ್ ಇಲ್ಲ, ಕೊಡದ ಅರ್ಜಿ ಇಲ್ಲ. ವರ್ಷಗಟ್ಟಲೆ. ಹೋರಾಟ ಅಂದ್ರೆ ಘೋಷಣೆ ಅಂತ ನಾವು ಅಂದ್ಕೊಳ್ತೀವಿ, ಅದರಲ್ಲಿ ಮುಕ್ಕಾಲು ಪಾಲು ಅರ್ಜಿಯ ಕಾಪಿಗೆ ಸೀಲ್ ಹಾಕಿಸಿ ಜೋಪಾನವಾಗಿ ಇಟ್ಕೊಳ್ಳೋ ಕೆಲಸ.

2018ರ ಜುಲೈನಲ್ಲಿ ಕೇರಳದ ಸಂಪುಟ ಒಪ್ಕೊಳ್ತು, ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂತು. ಅವರ 1960ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ 21ಬಿ ಅಂತ ಹೊಸ ಸೆಕ್ಷನ್ ಸೇರಿಸಿದ್ರು. ಅದು ಹೇಳೋದು ಇಷ್ಟೇ, ಪ್ರತಿ ಅಂಗಡೀಲೂ ಕೆಲಸದೋರೆಲ್ಲರಿಗೂ ಕೂರೋಕೆ ಸರಿಯಾದ ವ್ಯವಸ್ಥೆ ಇರ್ಬೇಕು, ಕೆಲಸದ ಮಧ್ಯೆ ಕೂರೋ ಅವಕಾಶ ಸಿಕ್ಕಾಗ ಅವರು ಕೂತ್ಕೊಳ್ಳೋ ಹಾಗಿರ್ಬೇಕು. ಅದರ ಜೊತೆಗೆ ವಾರದ ರಜೆ ಬಗ್ಗೆ, ರಾತ್ರಿ ಒಂಬತ್ತರ ಮೇಲೆ ಹೆಂಗಸರನ್ನ ದುಡಿಸೋದಾದ್ರೆ ಒಪ್ಪಿಗೆ, ರಕ್ಷಣೆ, ಮನೆಗೆ ಬಿಡೋ ವಾಹನ ಬೇಕು ಅನ್ನೋದ್ರ ಬಗ್ಗೆನೂ ಬಂತು. ದಂಡ ಐದು ಸಾವಿರದಿಂದ ಒಂದು ಲಕ್ಷಕ್ಕೆ ಏರಿತು, ಮತ್ತೆ ಮತ್ತೆ ತಪ್ಪು ಮಾಡಿದ್ರೆ ಎರಡು ಲಕ್ಷದವರೆಗೆ. ಅದೇ ವರ್ಷ ಬಿಬಿಸಿ ಮಾಡೋ ಜಗತ್ತಿನ ನೂರು ಹೆಂಗಸರ ಪಟ್ಟೀಲಿ ವಿಜಿ ಹೆಸರು ಬಂತು. ಮೂರು ವರ್ಷ ಕಳೆದು 2021ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಕೂಡ ತನ್ನ 1947ರ ಕಾಯ್ದೆಗೆ 22ಎ ಅಂತ ಸೇರಿಸಿ ಇದೇ ಹಕ್ಕು ಕೊಡ್ತು. ಚೆನ್ನೈ ಟಿ. ನಗರದ ಅಂಗಡಿ ಹುಡುಗೀರಿಗೆ, ಮಿಠಾಯಿ ತೆರುವಿನ ಹೆಂಗಸರನ್ನ ಕಣ್ಣಲ್ಲೂ ನೋಡದೇ ಇದ್ದೋರಿಗೆ, ಅವರಿಂದ ಒಂದು ಸ್ಟೂಲ್ ಸಿಕ್ತು.

ಇದು ಹೊಸ ಬೇಡಿಕೆ ಏನಲ್ಲ ಅನ್ನೋದಕ್ಕೆ ಒಂದು ಹಳೇ ಮಾತು ಹೇಳ್ತೀನಿ. ಇಂಗ್ಲೆಂಡಿನಲ್ಲಿ 1899ರಲ್ಲೇ ಅಂಗಡಿ ಹೆಂಗಸರಿಗೆ ಆಸನ ಕೊಡೋ ಕಾನೂನು ಬಂದಿತ್ತು, ಪ್ರತಿ ಮೂರು ಜನ ಹೆಂಗಸರಿಗೆ ಕನಿಷ್ಠ ಒಂದು ಸೀಟು ಅಂತ. ಅದೇ ಕಾಲದಲ್ಲಿ ಮಾರ್ಗರೆಟ್ ಬಾಂಡ್‌ಫೀಲ್ಡ್ ಅಂತ ಒಬ್ಬಾಕೆ ಹದಿನಾಲ್ಕು ವಯಸ್ಸಿಗೇ ಬಟ್ಟೆ ಅಂಗಡಿ ಕೆಲಸಕ್ಕೆ ಸೇರಿದ್ರು, ಆಗೆಲ್ಲ ಕೆಲಸದೋರು ಅಂಗಡಿಯೋರು ಕೊಟ್ಟ ಕೋಣೆಯಲ್ಲೇ ಇರ್ಬೇಕು, ಅವರು ಹಾಕಿದ್ದೇ ತಿನ್ಬೇಕು. ಆಕೆ ಅಂಗಡಿ ಕೆಲಸದೋರ ಯೂನಿಯನ್ ಸೇರಿ, ಅಂಗಡಿಗಳ ಒಳಗಿನ ಪಾಡನ್ನ ಬೇರೆ ಹೆಸರಲ್ಲಿ ಬರೆದು ಪ್ರಕಟಿಸಿ, ಯೂನಿಯನ್ನಿನ ಪದಾಧಿಕಾರಿ ಆಗಿ, ಕೊನೆಗೆ 1929ರಲ್ಲಿ ಬ್ರಿಟನ್ನಿನ ಸಂಪುಟ ಸೇರಿದ ಮೊಟ್ಟಮೊದಲ ಮಹಿಳೆ ಆದ್ರು, ಕಾರ್ಮಿಕ ಸಚಿವೆಯಾಗಿ. ಅಂಗಡಿ ಕೌಂಟರ್ ಹಿಂದೆ ನಿಂತಿದ್ದ ಹುಡುಗಿ! ನಮ್ಮಲ್ಲಿ 1948ರ ಫ್ಯಾಕ್ಟರಿ ಕಾಯ್ದೆಯ 44ನೇ ಸೆಕ್ಷನ್ನು ನಿಂತು ಕೆಲಸ ಮಾಡೋ ಕಾರ್ಮಿಕರಿಗೆ ಕೂರೋ ವ್ಯವಸ್ಥೆ ಇರ್ಬೇಕು ಅಂತ ಹೇಳ್ತು, ಆದ್ರೆ ಅಂಗಡಿ ಫ್ಯಾಕ್ಟರಿ ಅಲ್ವಲ್ಲ, ನಾವು ಹೊರಗೇ ಉಳಿದ್ವಿ. 1899ರಿಂದ 2018ಕ್ಕೆ ಬರೋಕೆ 119 ವರ್ಷ ಬೇಕಾಯ್ತು.

ಹಾಗಾದ್ರೆ ಕರ್ನಾಟಕದಲ್ಲಿ ಏನಿದೆ. ನಮ್ಮದು 1961ರ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದನ್ನ ಬರೆದಾಗ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ ಅಂತ ಹಾಕಿದ್ರು. ಅದರ ಮೇಲೆ ದುಡಿಸಿದ್ರೆ ಡಬಲ್ ಸಂಬಳ. ಐದು ಗಂಟೆ ಒಂದೇ ಸಮ ದುಡಿದ್ಮೇಲೆ ಒಂದು ಗಂಟೆ ಬಿಡುವು. ವಾರಕ್ಕೆ ಒಂದು ಪೂರ್ತಿ ದಿನ ರಜೆ. ಕೆಲಸಕ್ಕೆ ಸೇರಿಸ್ಕೊಂಡ್ರೆ ಅಪಾಯಿಂಟ್‌ಮೆಂಟ್ ಆರ್ಡರ್ ಕೊಡ್ಬೇಕು. ಆರು ತಿಂಗಳು ಸತತವಾಗಿ ಕೆಲಸ ಮಾಡಿದೋರನ್ನ ಸರಿಯಾದ ಕಾರಣ, ಒಂದು ತಿಂಗಳ ನೋಟಿಸ್ ಇಲ್ದೆ ತೆಗೆಯೋ ಹಾಗಿಲ್ಲ. ಕೂರೋ ವಿಷಯ ಮಾತ್ರ ಆಗ ಯಾರ ತಲೆಗೂ ಬರ್ಲಿಲ್ಲ. 2021ರ ಜನವರಿಯಲ್ಲಿ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ಅಂಗಡಿಗಳು ವರ್ಷವೆಲ್ಲ ಹಗಲೂ ರಾತ್ರಿ ತೆಗೆದಿರಬಹುದು ಅಂತ ಸರ್ಕಾರ ಬಿಟ್ಟಾಗ್ಲೂ, ಅಂಗಡಿ ತೆಗೆದಿರುತ್ತೆ ಅಂದ ಮಾತ್ರಕ್ಕೆ ನೀವು ಅಷ್ಟು ಹೊತ್ತೂ ದುಡೀತಾ ಇರ್ಬೇಕಾಗಿಲ್ಲ ಅನ್ನೋ ಷರತ್ತು ಅದರಲ್ಲೇ ಇತ್ತು, ದಿನಕ್ಕೆ ಎಂಟು ಗಂಟೆ, ಸರದಿ ಮೇಲೆ ವಾರದ ರಜೆ ಅಂತ. ಕೇಂದ್ರದ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲೂ ನಿಂತು ಕೆಲಸ ಮಾಡೋರಿಗೆ ಕೂರೋ ವ್ಯವಸ್ಥೆ ಅಂತ ಒಂದು ಸಾಲು ಇದೆ. ಆ ಒಂದು ಸಾಲನ್ನ ನಿಮ್ಮ ಅಂಗಡಿಯ ಮೂರನೇ ಫ್ಲೋರಿಗೆ ಹೊತ್ಕೊಂಡು ಹೋಗೋರು ಯಾರು?

ನನಗೆ ಹೇಳಬೇಕಾಗಿರೋ ಮುಖ್ಯ ಮಾತೇ ಇದು. ಇಷ್ಟೆಲ್ಲಾ ಕಾನೂನಲ್ಲಿದೆ ಅಂತ ಹೇಳಿದ್ನಲ್ಲ, ಇಲ್ಲಿರೋರಲ್ಲಿ ಓಟಿಗೆ ಡಬಲ್ ದುಡ್ಡು ತಗೊಂಡಿರೋರು ಎಷ್ಟು ಜನ? ಅಪಾಯಿಂಟ್‌ಮೆಂಟ್ ಆರ್ಡರ್ ಕಣ್ಣಲ್ಲಿ ನೋಡಿರೋರು ಎಷ್ಟು ಜನ? ಕೇರಳದಲ್ಲೇ ಕಾನೂನು ಬಂದ ಮೇಲೆ ಎಷ್ಟೋ ಅಂಗಡಿಗಳಲ್ಲಿ ಕುರ್ಚಿ ಬಂತು, ಆದ್ರೆ ಮ್ಯಾನೇಜರ್ ಮುಖ ನೋಡಿ ಯಾರೂ ಕೂರ್ತಿರ್ಲಿಲ್ಲ. ಕುರ್ಚಿ ಇನ್ಸ್‌ಪೆಕ್ಟರ್ ಬಂದಾಗ ತೋರಿಸೋಕೆ. ಸಂಘ ಇದ್ದ ಕಡೆ ಜನ ಕೂತ್ರು, ಇಲ್ಲದ ಕಡೆ ಕುರ್ಚಿ ಮೇಲೆ ಸೀರೆ ಬಾಕ್ಸ್ ಕೂತಿತ್ತು. ಅದಕ್ಕೇ ಹೇಳೋದು, ಕಾನೂನು ಬರ್ಲಿ ಆಮೇಲೆ ನೋಡೋಣ ಅಂತ ಕಾಯೋದ್ರಲ್ಲಿ ಅರ್ಥ ಇಲ್ಲ, ಕಾನೂನು ತಂದಿದ್ದೂ ಸಂಘ, ಅದನ್ನ ಜಾರಿ ಮಾಡಿಸೋದೂ ಸಂಘಾನೇ.

ನಮ್ಮ ರಾಜ್ಯದ ಹೆಂಗಸರಿಗೆ ಆ ಶಕ್ತಿ ಇಲ್ಲ ಅನ್ನೋರಿಗೆ 2016ರ ಏಪ್ರಿಲ್ ನೆನಪು ಮಾಡ್ತೀನಿ. ಪಿಎಫ್ ದುಡ್ಡಿನಲ್ಲಿ ಓನರ್ ಕಟ್ಟಿದ ಪಾಲನ್ನ 58 ವರ್ಷ ಆಗೋ ತನಕ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ರೂಲ್ಸ್ ತಂದಿತ್ತು. ಏಪ್ರಿಲ್ 18, 19 ಎರಡು ದಿನ ಬೆಂಗಳೂರಿನ ಹೊಸೂರು ರೋಡು, ಪೀಣ್ಯ, ತುಮಕೂರು ರೋಡು ಎಲ್ಲಾ ಕಡೆ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ಬೀದಿಗೆ ಇಳಿದ್ರು, ಯಾವ ಲೀಡರ್ರೂ ಕರೆ ಕೊಟ್ಟಿರ್ಲಿಲ್ಲ, 19ನೇ ತಾರೀಕೇ ಸರ್ಕಾರ ಆ ರೂಲ್ಸ್ ವಾಪಸ್ ತಗೊಳ್ತು. ಅದೇ ಹೆಂಗಸರ ದಿನಗೂಲಿ, ಟಾರ್ಗೆಟ್ಟು, ಸೂಪರ್‌ವೈಸರ್ ಬೈಗುಳ ಮಾತ್ರ ಮಾರನೇ ದಿನ ಹಾಗೇ ಇತ್ತು. ಎರಡು ದಿನದ ಸಿಟ್ಟಿಗೆ ಎಷ್ಟು ಬಲ ಇದೆ ಅನ್ನೋದೂ ಅಲ್ಲಿ ಕಾಣುತ್ತೆ, ದಿನಾ ಜೊತೆಗಿರೋ ಒಂದು ಸಂಘ ಇಲ್ದಿದ್ರೆ ಏನು ಕೈಗೆ ಸಿಗಲ್ಲ ಅನ್ನೋದೂ ಕಾಣುತ್ತೆ.

ನಾನು ಶುರುವಲ್ಲಿ ಹೇಳಿದೆ, ಅವರು ಸಂಬಳದಿಂದ ಶುರು ಮಾಡ್ಲಿಲ್ಲ ಅಂತ. ಸಂಬಳ ಅಂದ ತಕ್ಷಣ ನಮ್ಮಲ್ಲೇ ಒಡಕು ಬರುತ್ತೆ. ಹಳಬರಿಗೆ ಒಂದು, ಹೊಸಬರಿಗೆ ಒಂದು, ಬಿಲ್ಲಿಂಗಿನೋರಿಗೆ ಒಂದು, ಸೀರೆ ಸೆಕ್ಷನ್ನಿಗೆ ಇನ್ಸೆಂಟಿವ್ ಬೇರೆ, ರೆಡಿಮೇಡಿಗೆ ಬೇರೆ, ಯಾರ್ಯಾರಿಗೆ ಎಷ್ಟು ಅಂತ ಬಾಯಿ ಬಿಡಬಾರ್ದು ಅಂತ ಓನರ್ರೇ ಹೇಳಿರ್ತಾರೆ. ಕಾಲು ನೋವಿಗೆ ಸೀನಿಯರ್ ಜೂನಿಯರ್ ಇಲ್ಲ. ನೀರು ಕುಡಿಯೋಕೆ ಹೆದರೋದ್ರಲ್ಲಿ ಸೀರೆ ಸೆಕ್ಷನ್ ರೆಡಿಮೇಡ್ ಸೆಕ್ಷನ್ ಅಂತ ಇಲ್ಲ. ಅಲ್ಲಿ ಎಲ್ರೂ ಒಂದೇ. ಮತ್ತೆ ಹೊರಗಿನೋರಿಗೂ, ಗಿರಾಕಿಗಳಿಗೂ ಅದು ಒಂದೇ ಏಟಿಗೆ ಅರ್ಥ ಆಗುತ್ತೆ. ಟಾಯ್ಲೆಟ್ ಕೊಡಲ್ಲ ಅಂತ ನಾಲ್ಕು ಜನರ ಮುಂದೆ ಹೇಳೋಕೆ ಯಾವ ಓನರ್‌ಗೂ ಮುಖ ಇರಲ್ಲ. ಇದರಲ್ಲಿ ಒಂದು ಸಲ ಗೆದ್ದೋರು ಆಮೇಲೆ ಸಂಬಳ ಕೇಳೋ ಧೈರ್ಯ ಮಾಡ್ತಾರೆ.

ಇಷ್ಟು ನನ್ನ ಮಾತು. ಆಮೇಲೆ ಪ್ರಶ್ನೆಗಳು ಬಂದ್ವು.

ಹಿಂದೆ ನಿಂತಿದ್ದ ಒಬ್ಬ ತಂಗಿ ಕೇಳಿದ್ಲು, ಅಕ್ಕ ಸಂಘಕ್ಕೆ ಸೇರಿದ್ರೆ ಮಾರನೇ ದಿನಾನೇ ಬರಬೇಡ ಅಂತಾರೆ, ಆಗ ಏನ್ ಮಾಡೋದು ಅಂತ. ಸುಳ್ಳು ಧೈರ್ಯ ಹೇಳಲ್ಲಮ್ಮ, ಆ ಭಯ ನಿಜ. ತ್ರಿಶೂರಿನ ಆರು ಜನ ನೂರು ದಿನ ಸಂಬಳ ಇಲ್ದೆ ಬಿಸಿಲಲ್ಲಿ ಕೂತಿದ್ರು. ಅದಕ್ಕೇ ಒಬ್ಬಳೇ ಹೋಗಿ ಸಂಘ ಅಂತ ಬಾಯಿಬಿಡಬೇಡ. ಮೊದ್ಲು ನೀನು ಅಲ್ಲಿ ಕೆಲಸ ಮಾಡ್ತೀಯ ಅನ್ನೋದಕ್ಕೆ ಪುರಾವೆ ಇಟ್ಕೋ. ಬ್ಯಾಂಕಿಗೆ ಬಂದ ಸಂಬಳ, ಐಡಿ ಕಾರ್ಡಿನ ಫೋಟೋ, ಡ್ಯೂಟಿ ಹಾಕಿದ ವಾಟ್ಸಾಪ್ ಮೆಸೇಜು, ಪಿಎಫ್ ನಂಬರ್, ಇಎಸ್‌ಐ (ಕೆಲಸದೋರ ಆರೋಗ್ಯ ವಿಮೆ) ನಂಬರ್. ಒಂದು ಚಿಕ್ಕ ಪುಸ್ತಕದಲ್ಲಿ ದಿನಾ ಎಷ್ಟು ಗಂಟೆಗೆ ಒಳಗೆ ಹೋದೆ ಎಷ್ಟು ಗಂಟೆಗೆ ಹೊರಗೆ ಬಂದೆ ಅಂತ ಬರೆದಿಡು. ಕ್ಯಾಷಲ್ಲಿ ಸಂಬಳ ತಗೊಂಡು ಒಂದು ಚೀಟಿನೂ ಇಲ್ದೆ ಇರೋರು ಕೋರ್ಟಿಗೆ ಹೋದ್ರೆ ಓನರ್ ಮೊದ್ಲು ಹೇಳೋದು ಇವಳು ಯಾರೋ ನಮಗೆ ಗೊತ್ತೇ ಇಲ್ಲ ಅಂತ.

ಎಷ್ಟು ಜನ ಇದ್ರೆ ಯೂನಿಯನ್ ಆಗುತ್ತೆ ಅಂತ ಇನ್ನೊಬ್ಬರು ಕೇಳಿದ್ರು. ಅರ್ಜಿ ಹಾಕೋಕೆ ಏಳು ಜನ ಸಾಕು, 1926ರ ಕಾಯ್ದೆಲೂ ಏಳೇ ಇತ್ತು, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಏಳೇ. ಅದರ ಜೊತೆಗೆ ಆ ಸಂಸ್ಥೆ ಅಥವಾ ಆ ಉದ್ಯಮದ ಕೆಲಸದೋರಲ್ಲಿ ನೂರಕ್ಕೆ ಹತ್ತು ಜನ ಅಥವಾ ಒಟ್ಟು ನೂರು ಜನ, ಯಾವುದು ಕಮ್ಮಿನೋ ಅಷ್ಟು ಜನ ಸದಸ್ಯರಿರ್ಬೇಕು. ಒಂದೇ ಅಂಗಡಿಯೋರೇ ಆಗಿರ್ಬೇಕು ಅಂತ ಇಲ್ಲ. ಅರಸು ರಸ್ತೆಯ ಎರಡೂ ಕಡೆ ಸೇರಿಸಿದ್ರೆ ನೂರು ಜನಕ್ಕೆ ಬರಗಾಲಾನಾ ಹೇಳಿ.

ಗಂಡಸ್ರೂ ಸೇರಬಹುದಾ ಅಂತ ಸಂಕೋಚದಲ್ಲೇ ಕೇಳಿದ್ರು ಒಬ್ಬ ಅಣ್ಣ, ಗೋಡೌನಿನಲ್ಲಿ ಬೇಲ್ ಎತ್ತೋರು. ಕೇರಳದ 21ಬಿ ಎಲ್ಲಾ ಕೆಲಸದೋರಿಗೂ ಅಂತಾನೇ ಇದೆ, ಹೆಂಗಸರಿಗೆ ಮಾತ್ರ ಅಂತ ಬರೆದಿಲ್ಲ. ಹೆಂಗಸರು ನೂರು ದಿನ ಕೂತು ತಂದ ಸ್ಟೂಲಿನ ಮೇಲೆ ಅಲ್ಲಿಯ ಗಂಡಸ್ರೂ ಕೂರ್ತಿದ್ದಾರೆ. ಬನ್ನಿ ಅಣ್ಣ, ಆದ್ರೆ ಮೀಟಿಂಗಲ್ಲಿ ಮೊದಲ ಮಾತು ಹೆಣ್ಮಕ್ಕಳು ಆಡ್ಲಿ, ನೀವು ಕೇಳಿ, ಆಮೇಲೆ ನಿಮ್ಮ ಮಾತು. ಹಳೇ ಸಂಘಗಳು ಎಡವಿದ್ದೇ ಅಲ್ಲಿ.

ಕೊನೆಗೆ ಎಲ್ರೂ ಕಾಯ್ತಿದ್ದ ಪ್ರಶ್ನೆ, ಸರಿ ಅಕ್ಕ, ಸಂಬಳ ಯಾವಾಗ ಕೇಳೋದು? ಮೊದ್ಲು ಈಗ ಬರ್ತಿರೋದು ಕನಿಷ್ಠ ವೇತನದಷ್ಟಾದ್ರೂ ಇದೆಯಾ ಅಂತ ನೋಡ್ಕೊಳ್ಳಿ. ಅಂಗಡಿ ಕೆಲಸಕ್ಕೆ ಅಂತಾನೇ ಸರ್ಕಾರ ರೇಟ್ ಗೊತ್ತು ಮಾಡಿರುತ್ತೆ, ವರ್ಷಾ ವರ್ಷಾ ಏಪ್ರಿಲ್ ಒಂದಕ್ಕೆ ತುಟ್ಟಿಭತ್ಯೆ ಏರುತ್ತೆ, ನಿಮ್ಮ ಸಂಬಳ ಏಪ್ರಿಲಲ್ಲಿ ಒಂದು ರೂಪಾಯಿನೂ ಅಲ್ಲಾಡ್ಲಿಲ್ಲ ಅಂದ್ರೆ ಯಾಕೆ ಅಂತ ಕೇಳಿ. ಹತ್ತು ಜನ ಇರೋ ಅಂಗಡೀಲಿ ಇಎಸ್‌ಐ ಇರ್ಬೇಕು, ತಿಂಗಳಿಗೆ 21,000 ರೂಪಾಯಿ ತನಕ ಸಂಬಳ ಇರೋರಿಗೆ, ನಿಮ್ಮಿಂದ ಹಿಡಿಯೋದು ನೂರಕ್ಕೆ ಮುಕ್ಕಾಲು ರೂಪಾಯಿ, ಓನರ್ ಕಟ್ಟೋದು ಮೂರೂಕಾಲು. ಇಪ್ಪತ್ತು ಜನ ಇದ್ರೆ ಪಿಎಫ್. ಹಿಡಿದ ದುಡ್ಡು ನಿಜವಾಗ್ಲೂ ಕಟ್ಟಿದ್ದಾರಾ ಅಂತ ಮೊಬೈಲಲ್ಲೇ ನೋಡಬಹುದು, ನೋಡೋದು ಗೊತ್ತಿಲ್ದೋರು ಈಗ್ಲೇ ಪಕ್ಕದೋರ ಹತ್ರ ಕಲೀರಿ.

ಇನ್ನು ಜಾಸ್ತಿ ಮಾಡಿ ಅಂತ ಕೇಳೋದು ಇದೆಯಲ್ಲ, ಅದಕ್ಕೆ ಹೊತ್ತು ನೋಡ್ಬೇಕು. ಸಂಕ್ರಾಂತಿ ಆದ್ಮೇಲೆ ಅಂಗಡಿ ತಣ್ಣಗಿರೋವಾಗ ಕೇಳಿದ್ರೆ ಬೇಕಿದ್ರೆ ಇರು ಇಲ್ಲಾಂದ್ರೆ ಹೋಗು ಅಂತಾರೆ. ಶ್ರಾವಣದಲ್ಲಿ ಕೇಳಿ. ವರಮಹಾಲಕ್ಷ್ಮಿ, ಗೌರಿ ಗಣೇಶ, ದಸರಾ, ದೀಪಾವಳಿ ಸಾಲಾಗಿ ಮುಂದೆ ನಿಂತಿರುತ್ತೆ, ಗೋಡೌನ್ ತುಂಬಾ ಮಾಲು ಬಂದು ಬಿದ್ದಿರುತ್ತೆ, ಒಂದು ದಿನ ಕೌಂಟರಲ್ಲಿ ಜನ ಇಲ್ಲ ಅಂದ್ರೆ ಎಷ್ಟು ನಷ್ಟ ಅಂತ ಓನರ್‌ಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತೆ. ಬಾಯಲ್ಲಿ ಕೇಳಬೇಡಿ, ಒಬ್ಬೊಬ್ರೇ ಕೇಳಬೇಡಿ. ಒಂದು ಹಾಳೇಲಿ ಬರೆದು, ಎಲ್ರೂ ದುಂಡಗೆ ಸಹಿ ಹಾಕಿ, ಮೊದಲ ಸಹಿ ಯಾರದ್ದು ಅಂತ ಗೊತ್ತಾಗದಂಗೆ, ಒಂದು ಕಾಪಿ ಓನರ್‌ಗೆ, ಒಂದು ಲೇಬರ್ ಆಫೀಸಿಗೆ, ಸೀಲ್ ಹಾಕಿಸಿದ ಒಂದು ಕಾಪಿ ನಿಮ್ಮ ಹತ್ರ. ಆ ಹಾಳೆಯಲ್ಲಿ ಮೊದಲ ಸಾಲು ಟಾಯ್ಲೆಟ್, ಎರಡನೇದು ಸ್ಟೂಲ್, ಮೂರನೇದು ಓಟಿಗೆ ಡಬಲ್, ನಾಲ್ಕನೇದು ಸಂಬಳ ಎಷ್ಟು ಏರ್ಬೇಕು ಅನ್ನೋದು, ರೂಪಾಯಿ ಲೆಕ್ಕದಲ್ಲಿ.